ಹೋಡಿ ಎಂದವಳು ಬಾಗಿಲಲ್ಲೇ ನಿಂತರೆ

ಎನ್ಚೆಯು
ಮೇ ೧೮, ೨೦೦೩, ಭಾನುವಾರ

ನನ್ನ ಪ್ರೀತಿಯ ಎನೆಲೆಸಿ ಅಕ್ಕಾ,

ಹೇಗಿದ್ದೀಯೆ? ಜೋಹಾನ್ಸ್‌ಬರ್ಗಿನಲ್ಲಿ ಚಳಿ ಶುರುವಾಗಿರಬೇಕು. ಹೋದ ವರ್ಷದ ಹಾಗೆ ಕೆಮ್ಮು ಹಿಡಿಸಿಕೊಂಡು ‘ಏನೂ ಆಗಿಲ್ಲ’ ಎಂದು ಬರೆಯಬೇಡ. ನಿನ್ನ ‘ಏನೂ ಆಗಿಲ್ಲ’ ಎಂಥದೆಂದು ನನಗೆ ಚೆನ್ನಾಗಿ ಗೊತ್ತು. ನಾವೆಲ್ಲ ಬೆಳಿಗ್ಗೆ ಸುಖವಾಗಿ ಎದ್ದಿದ್ದೇವೆ, ನೀನು ಹೇಗೋ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ಈ ಸಲ ಮೆಕ್ಕೆಜೋಳ ಚೆನ್ನಾಗಿ ಬಂತು, ಕಣಜ ತುಂಬಿದೆ. ನಿನ್ನ ಕಾಗದವನ್ನು ಬಸ್ಸಿನ ಡ್ರೈವರ್ ಮಂಗಳವಾರ ತಂದುಕೊಟ್ಟ. ‘ಯಾಂಖೋ ಒಂದು ಸಲ ಫೇಲಾಗಿದ್ದು ಸಾಕು, ಜುಲೈ ಬಸ್ಸಿಗೆ ಹತ್ತಿಸಿಬಿಡು, ಪಕ್ಕದ ಮನೆಯವರಿಗೆ ಮಗು ನೋಡಿಕೊಳ್ಳೋಕೆ ಹುಡುಗಿ ಬೇಕಂತೆ’ ಎಂದು ಬರೆದಿದ್ದೀಯೆ. ಆ ಮಾತಿಗೆ ಬರುತ್ತೇನೆ, ಸ್ವಲ್ಪ ತಾಳು.

ಮೊದಲು ನಿನ್ನ ಮಗಳು ಯಾಕೆ ಫೇಲಾದಳೆಂದು ಕೇಳು. ಲೆಕ್ಕ ಬರುತ್ತದೆ, ವಿಜ್ಞಾನ ಬರುತ್ತದೆ. ಇಂಗ್ಲಿಷಿನಲ್ಲೂ ವ್ಯಾಕರಣಕ್ಕೆ ಮೋಸವಿಲ್ಲ. ಮುಳುಗಿಸಿದ್ದು ಪ್ರಬಂಧ. ಈ ವರ್ಷ ನನ್ನ ತರಗತಿಯಲ್ಲೇ ಮತ್ತೆ ಕೂತಿದ್ದಾಳಲ್ಲ, ಹಾಗಾಗಿ ರೋಗ ಎಲ್ಲಿದೆಯೆಂದು ಕಣ್ಣಾರೆ ಕಂಡೆ. ‘ಕಾಡು ಕಡಿಯುವುದರಿಂದಾಗುವ ತೊಂದರೆಗಳು’ ಎಂದು ಬರೆಯಲು ಹೇಳಿದರೆ ಇವಳ ಪೀಠಿಕೆ ಹೀಗೆ: ‘ಮಾನ್ಯ ಓದುಗರೇ, ಸುಖವಾಗಿ ಎದ್ದಿರಾ? ನಾನು ಸುಖವಾಗಿ ಎದ್ದಿದ್ದೇನೆ, ನೀವು ಹೇಗೋ. ಮನೆಯಲ್ಲಿ ಎಲ್ಲರೂ ಕ್ಷೇಮವೇ?’ ಅರ್ಧ ಪುಟ ಮುಗಿದರೂ ಒಂದು ಮರ ಕಾಣಿಸಲಿಲ್ಲ! ಯಾಂಖೋ ಅಂದರೆ ಉತ್ತರ ಎಂದು ಆಸೆಪಟ್ಟು ಹೆಸರಿಟ್ಟೆ ನೀನು. ಪುಣ್ಯಾತ್ಗಿತ್ತಿ ಉತ್ತರ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯುತ್ತಾಳೆ. ಇವಳೊಬ್ಬಳೇ ಅಲ್ಲ ಬಿಡು, ಅರ್ಧ ತರಗತಿ ಹೀಗೇ. ಕುಶಲ ಕೇಳದೆ ಬಾಯಿ ತೆರೆದರೆ ನಮ್ಮಮ್ಮಂದಿರು ಕಿವಿ ಹಿಂಡಿ ಬೆಳೆಸಿದ್ದಾರೆ, ಮಕ್ಕಳು ಏನು ಮಾಡಿಯಾವು?

ಗುರುವಾರ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ‘ಇದು ನನ್ನ ಮನೆ. ಪ್ರಬಂಧ ಹೇಗೆ ಶುರು ಮಾಡ್ತೀರೋ ಹಾಗೇ ಒಬ್ಬೊಬ್ಬರಾಗಿ ಒಳಗೆ ಬನ್ನಿ’ ಎಂದೆ. ಮೊದಲು ಫಾನಿ ಎಂಬ ಗಟ್ಟಿಗಿತ್ತಿ ಬಾಗಿಲು ದೂಡಿಕೊಂಡು ನುಗ್ಗಿ, ‘ಮಳೆ ಬರಲ್ಲ, ಮಣ್ಣು ಕೊಚ್ಚಿಹೋಗುತ್ತೆ!’ ಎಂದು ಕಿರುಚಿದಳು. ‘ಯಾರಮ್ಮಾ ನೀನು, ಕಳ್ಳಿಯೋ ನೆಂಟಳೋ? ಒಳಗೆ ಬರೋ ಮುಂಚೆ ಬಾಗಿಲಲ್ಲಿ ನಿಂತು ಹೋಡಿ ಅಂತ ಒಂದು ಕೂಗು ಹಾಕೋಕೆ ಬಾಯಿಲ್ವಾ?’ ಎಂದು ವಾಪಸು ಅಟ್ಟಿದೆ. ಆಮೇಲೆ ನಿನ್ನ ಮಗಳು. ಹೊರಗಿನಿಂದ ‘ಹೋಡಿ’ ಎಂದಳು. ‘ಹೋಡಿನಿ, ಬಾ’ ಎಂದೆ. ಬಂದವಳು ಮಂಡಿಯೂರಿ ಕೂತು ನನ್ನ ಆರೋಗ್ಯ ಕೇಳಿದಳು, ಅಜ್ಜಿಯ ಮಂಡಿ ಕೇಳಿದಳು, ಕೋಳಿಗಳನ್ನೂ ಕೇಳಿದಳು. ‘ಅಯ್ಯೋ ತಾಯಿ, ನನ್ನ ಮನೆಗೆ ಬೆಂಕಿ ಬಿದ್ದಿದೆ ಅಂತ ಹೇಳೋಕೆ ಬಂದಿದ್ರೆ ಇಷ್ಟು ಹೊತ್ತಿಗೆ ಬೂದಿಯಾಗಿರ್ತಿತ್ತಲ್ಲೇ!’ ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಹೇಳಿಕೊಟ್ಟೆ: ‘ಒಂದೇ ಒಂದು ಹೋಡಿ, ಒಳಗಿದ್ದೋರು ತಿರುಗಿ ನೋಡೋ ಹಾಗಿರಲಿ. ಆಮೇಲೆ ಯಾಕೆ ಬಂದೆ ಅಂತ ನೇರವಾಗಿ ಹೇಳು. ಪೀಠಿಕೆ ಅಂದ್ರೆ ಅಷ್ಟೇ.’

ಅವಳು ಮಾತ್ರ ನಗಲಿಲ್ಲ, ಅಕ್ಕಾ. ಶಾಲೆಯಲ್ಲಿ ನನ್ನನ್ನು ಮೇಡಂ ಅನ್ನಬೇಕೆಂಬುದನ್ನೂ ಮರೆತು, ‘ಹಾಗಿದ್ರೆ ಅಮ್ಮ ಬರೆಯೋದೂ ತಪ್ಪಾ, ಚಿಕ್ಕಮ್ಮ? ಅವಳ ಕಾಗದ ನೋಡೇ ಅಲ್ವಾ ನಾನು ಬರೆಯೋದು ಕಲಿತಿದ್ದು? ಎರಡು ಪುಟ ಕುಶಲ ಕೇಳ್ತಾಳೆ. ಬರ್ತೀನಿ ಅಂತ ಮಾತ್ರ ಎಲ್ಲೂ ಬರೆಯಲ್ಲ’ ಎಂದಳು. ಸೀಮೆಸುಣ್ಣ ಹುಡುಕುವವಳ ಹಾಗೆ ಬೋರ್ಡಿನ ಕಡೆ ತಿರುಗಿಕೊಂಡೆ. ಶುಕ್ರವಾರ ‘ಒಂದು ಪ್ರಯಾಣ’ ಎಂಬ ವಿಷಯ ಕೊಟ್ಟು, ಬರೀ ಪೀಠಿಕೆ ಬರೆಯಿರಿ ಎಂದೆ. ಚೆನ್ನಾಗಿ ಬರೆದಿದ್ದಾಳೆ. ಇರಲಿ.

ಎಂಟು ವರ್ಷ ನೀನು ಅಲ್ಲಿ ಮೈ ಮುರಿದು ದುಡಿದಿದ್ದಕ್ಕೇ ನಮ್ಮ ಮನೆಗೆ ತಗಡಿನ ಸೂರು ಬಂತು. ಅದನ್ನು ನಾನು ಒಂದು ದಿನವೂ ಮರೆತಿಲ್ಲ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗಿಷ್ಟವೆಂದು ಅಮ್ಮ ಒಣಮೀನು ಕಟ್ಟಿಕೊಟ್ಟಿದ್ದಾಳೆ, ಡ್ರೈವರ್ ಕೈಯಿಂದ ಕೇಳಿ ಇಸಕೋ, ಮರೆಯುವ ಆಸಾಮಿ ಅವನು. ಅಮ್ಮನ ಆಶೀರ್ವಾದ, ನಮ್ಮೆಲ್ಲರ ಪ್ರೀತಿ ನಿನಗೆ.

ನಿನ್ನ ಬೆನ್ನಿಗೆ ಬಿದ್ದವಳು,
ಡೋರಿಕಾ

ಮರೆತಿದ್ದೆ: ಸುಳ್ಳು, ಮರೆತಿರಲಿಲ್ಲ. ಡ್ರೈವರ್ ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ಮಕ್ಕಳಿಗೆ ಪಾಠ ಹೇಳಿ ನಾನೇ ಬಾಗಿಲಲ್ಲಿ ನಿಂತೆ ನೋಡು. ಯಾಂಖೋ ಬರೆದಿದ್ದು ಇಷ್ಟು: ‘ನನ್ನ ಅಮ್ಮ ಬಸ್ಸು ಹತ್ತಿದಾಗ ನನಗೆ ಒಂಬತ್ತು ವರ್ಷ. ಅವಳು ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಹಳದಿ ಬಣ್ಣದ್ದು. ಅವಳ ದನಿ ಹೇಗಿತ್ತೆಂದು ನನಗೆ ನೆನಪಿಲ್ಲ.’ ಒಂದು ಕಾಗುಣಿತವೂ ತಪ್ಪಿಲ್ಲ, ಅಕ್ಕಾ. ಪೂರ್ತಿ ಅಂಕ ಕೊಟ್ಟು ಶಾಲೆಯ ಹಿಂದೆ ಹೋಗಿ ಅತ್ತೆ. ಅವಳನ್ನು ನಾನು ಕಳಿಸುವುದಿಲ್ಲ. ಈ ವರ್ಷ ಪರೀಕ್ಷೆಗೆ ಕೂರುತ್ತಾಳೆ, ಪಾಸಾಗುತ್ತಾಳೆ. ಜುಲೈ ಬಸ್ಸಿಗೆ ನೀನೇ ಹತ್ತು. ಹೋಡಿ ಅನ್ನುವುದೂ ಬೇಡ, ಸೀದಾ ಒಳಗೆ ಬಾ.