ಎಪ್ಪತ್ತರ ಫೋಟೋಗಳಲ್ಲಿ ಅಮ್ಮನಿಲ್ಲ

ಅಕ್ಟೋಬರ್ ೧೮, ಶನಿವಾರ. ಜೊಂಜು.

ನಾಳೆ ಅಮ್ಮನ ಎಪ್ಪತ್ತರ ಔತಣ. ಪರದೆಯ ಮೇಲೆ ತೋರಿಸಲೆಂದು ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಂ ಆರಿಸಿಕೊಟ್ಟ ಫೋಟೋಗಳಲ್ಲಿ ಎಲ್ಲರೂ ಇದ್ದಾರೆ, ಅಮ್ಮನೊಬ್ಬಳೇ ಇಲ್ಲ. ತಪ್ಪಾಗಿದೆ ಅಂತಲೂ ಅದು ಹೇಳಲಿಲ್ಲ. ತಲೆ ಕೆಟ್ಟುಹೋಯಿತು.

ಅಕ್ಕ ಮಿರ್ಯೊಂಗ್ ನೋಡಿ ನಕ್ಕಳು. "ಹುಟ್ಟಿದಹಬ್ಬ ಅಮ್ಮಂದು, ಮೆರೆಯೋರು ನಾವು! ಇದಕ್ಕೇನೋ ನಿಂಗೆ ಸಂಬಳ ಕೊಡೋದು?"

ನಾನು ಬರೆದದ್ದು */*.jpg. 'ಕುಟುಂಬ' ಫೋಲ್ಡರ್‌ನಿಂದ ಹೊರಟು, ಅದರೊಳಗಿನ ಒಂದೊಂದೇ ಫೋಲ್ಡರ್ ಹೊಕ್ಕು, ಅಲ್ಲಿರುವ ಫೋಟೋಗಳನ್ನೆಲ್ಲ ತಾ ಎಂದರ್ಥ. ಅಕ್ಕನಿಗೊಂದು, ನನಗೊಂದು, ಮೊಮ್ಮಕ್ಕಳಿಗೊಂದೊಂದು ಫೋಲ್ಡರ್ ಮಾಡಿಟ್ಟವಳು ಅಮ್ಮನೇ. ಅವಳವು ಮಾತ್ರ ಯಾವ ಫೋಲ್ಡರ್‌ಗೂ ಸೇರದೆ 'ಕುಟುಂಬ'ದಲ್ಲೇ ಬಿಡಿಯಾಗಿ ಬಿದ್ದಿವೆ. ಇದು ಹೊಳೆಯುವಷ್ಟರಲ್ಲಿ ಸಂಜೆಯಾಗಿತ್ತು.

ನಾಳೆಯ ಹುಟ್ಟುಹಬ್ಬದ ಸಾರು ಮಾಡಲು ಕಡಲಪಾಚಿ ನೆನೆಹಾಕುತ್ತಿದ್ದ ಅಮ್ಮನನ್ನು ಕೇಳಿದೆ. "ನಿಂಗೂ ಒಂದು ಫೋಲ್ಡರ್ ಮಾಡ್ಕೋಬಾರ್ದಿತ್ತೇನಮ್ಮ?"

"ಒಳಗಿಟ್ರೆ ನೀವ್ಯಾರಾದ್ರೂ ತೆಗ್ದು ನೋಡ್ತೀರೇನೋ? ತೆರೆದ ಕೂಡ್ಲೇ ನನ್ನ ಮುಖ ಕಾಣ್ಲಿ ಅಂತ ಹೊರಗೇ ಇಟ್ಟೆ."

**/*.jpg ಎಂದು ತಿದ್ದಿದೆ. ಮೊದಲ ನಕ್ಷತ್ರ ಜೋಡಿಯಾದರೆ ಹೊರಗಿನದನ್ನೂ ಒಳಗಿನದನ್ನೂ ತಾ ಎಂದರ್ಥ. ಈಗ ಒಳಗಿನವರ ಜೊತೆ ಹೊರಗಿನ ಅಮ್ಮನೂ ಬರುತ್ತಾಳೆ. ಆದರೂ ಒಂದು ಅರ್ಥವಾಗುತ್ತಿಲ್ಲ. ಬೆಳಗಿನಿಂದ ಆ ಫೋಲ್ಡರನ್ನು ಎಷ್ಟು ಸಲ ತೆರೆದೆನೋ. ಅಷ್ಟೂ ಸಲ ಅವಳ ಮುಖವನ್ನು ದಾಟಿಕೊಂಡೇ ಒಳಗೆ ಹೋಗಿ, ಅಮ್ಮ ಎಲ್ಲಿ ಅಂತ...