ಸೋಮವಾರದ ಕಾರ್ಡು

ಬಾಳಗಡಿ, ಕೊಪ್ಪ
ಜೂನ್ ೧೦, ೨೦೨೪

ಪ್ರೀತಿಯ ಮಗ ಬಸುಗೆ, ನಿನ್ನ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ? ಸುರಂಗದ ಧೂಳಿಗೆ ಹಿಡಿದ ಕೆಮ್ಮು ಕಡಿಮೆಯಾಯಿತೇ? ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹಿಟಾಚಿ ಹತ್ತು ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ, ಗೊತ್ತು. ಹಿಮಾಚಲದಲ್ಲಿ ಬೇಸಿಗೆಯಲ್ಲೂ ಕಂಬಳಿ ಹೊದೆಯಬೇಕಂತೆ. ನಾನು ಕೊಟ್ಟ ಕಂಬಳಿಯನ್ನು ಯಾರಿಗಾದರೂ ದಾನ ಮಾಡಿರುತ್ತೀಯ, ಅದೂ ಗೊತ್ತು. ಅಪ್ಪಾಜಿ ಆರಾಮಾಗಿದ್ದಾರೆ, ಮಂಡಿನೋವು ಇದ್ದದ್ದೇ. ಊರಿನವರ ಬಿಪಿ ಬರೆದುಕೊಂಡು ತಿರುಗುವವಳಿಗೆ ತನ್ನದು ನೋಡಿಕೊಳ್ಳಲು ಪುರುಸೊತ್ತಿಲ್ಲ ಎಂದು ನೀನು ರೇಗಿಸುತ್ತಿದ್ದೆಯಲ್ಲ, ನಾನು ಹಾಗೆಯೇ ಇದ್ದೇನೆ.

ಕಾಗದ ಯಾಕೆ ಬರೆದಳು ಎಂದು ಆಶ್ಚರ್ಯವಾಗಿರಬಹುದು. ಹೆಂಡತಿ ಮೇಘನಳ ಹೆಸರು ಎತ್ತಿದ ಕೂಡಲೇ ನಿನ್ನ ಫೋನಿನ ಸಿಗ್ನಲ್ ಹೋಗುತ್ತದೆ. ವಾಟ್ಸಪ್ಪಿನಲ್ಲಿ ಬರೆದರೆ ಅರ್ಧ ಓದಿ ಅಳಿಸುತ್ತೀಯ. ಕಾಗದವನ್ನಾದರೆ ಹರಿಯುವ ಮೊದಲು ಒಮ್ಮೆ ಓದುತ್ತೀಯ ಎಂದು ನಂಬಿದ್ದೇನೆ. ಅವಳು ಆಸ್ಪತ್ರೆಯಿಂದ ಬಂದ ವಾರ ನೀನು ನನಗೆ ಫೋನಿನಲ್ಲಿ ಕೇಳಿದ ಒಂದು ಮಾತು ಒಂದೂವರೆ ತಿಂಗಳಿನಿಂದ ನನ್ನ ಎದೆಯಲ್ಲಿ ಕೂತಿದೆ. "ನೀನೇ ಇಲ್ಲ ಅಂದಿದ್ದೆ ಅಲ್ವಾ ಅಮ್ಮ, ಹಂಗಾದ್ರೆ ಅದು ಎಲ್ಲಿಂದ ಬಂತು?" ಆವತ್ತು ನಾನು ಫೋನನ್ನು ಅಪ್ಪಾಜಿಯ ಕೈಗೆ ಕೊಟ್ಟುಬಿಟ್ಟೆ. ಅದನ್ನು ನೀನು ನಿನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟು ಪಕ್ಕಕ್ಕಿಟ್ಟು ಓದು.

ಜನವರಿಯಲ್ಲಿ ಅವಳಿಗೆ ಹೊಟ್ಟೆನೋವು ಬಂದು ಶೃಂಗೇರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ್ದು, ಬಲಗಡೆ ಆರು ಮಿಲಿಮೀಟರಿನ ಮೂತ್ರಕಲ್ಲು ಎಂದದ್ದು ನಿನಗೆ ಗೊತ್ತೇ ಇದೆ. ನೀರು ಚೆನ್ನಾಗಿ ಕುಡಿಯಲಿ, ಕಲ್ಲು ತಾನಾಗಿ ಹೋಗುತ್ತದೆ ಎಂದರು. ಅವರು ಚೆನ್ನಾಗಿ ಎಂದದ್ದನ್ನು ನಾನು ನಮ್ಮ ಮನೆಯ ಕಾನೂನು ಮಾಡಿದೆ. ಬೆಳಗಿನ ಐದಕ್ಕೆ ಎದ್ದವಳೇ ಎರಡು ಚೊಂಬು ನೀರು, ಆಮೇಲೆ ಅಪ್ಪಾಜಿ ಕಡಿದು ತಂದ ಬಾಳೆದಿಂಡಿನ ರಸ ಒಂದು ದೊಡ್ಡ ಲೋಟ, ಹತ್ತು ಗಂಟೆಗೆ ಬಾರ್ಲಿ ನೀರು. ಬೇಡ ಎಂದರೆ ನಾನು ಬಿಡುವವಳೇ? ನಿಂತು ಕುಡಿಸುತ್ತಿದ್ದೆ. ಕಲ್ಲಿನ ಜತೆ ನಾನೂ ಕರಗಿ ಹೋಗ್ತೀನಿ ಅತ್ತೆ ಎಂದು ನಗುತ್ತಿದ್ದಳು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಇತ್ತು, ಸೊಸೆಯನ್ನು ಹೀಗೆ ನೋಡಿಕೊಳ್ಳುವ ಅತ್ತೆ ಈ ಬೀದಿಯಲ್ಲಿ ಬೇರೆ ಯಾರಿದ್ದಾರೆ ಎಂದು.

ನೀನು ಬಂದದ್ದು ಫೆಬ್ರವರಿ ಇಪ್ಪತ್ತಾರಕ್ಕೆ, ಮಾರ್ಚ್ ಎಂಟರ ಶಿವರಾತ್ರಿ ಮುಗಿಸಿ ಮಾರನೇ ದಿನ ಹೊರಟೆ. ಮಾರ್ಚ್ ಇಪ್ಪತ್ತರ ಹೊತ್ತಿಗೆ ಅವಳು ಮುಟ್ಟಾಗಬೇಕಿತ್ತು, ಆಗಲಿಲ್ಲ. ಮದುವೆಯಾಗಿ ನಾಲ್ಕು ವರ್ಷ ಕಾದವರು ನೀವು, ಐದು ದಿನ ಕಾಯುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತು. ಇಪ್ಪತ್ತೈದನೇ ತಾರೀಖು ಬೆಳಿಗ್ಗೆ ನನ್ನ ಚೀಲದಲ್ಲಿದ್ದ ಬಸಿರಿನ ಕಾರ್ಡಿನಲ್ಲಿ ಪರೀಕ್ಷೆ ಮಾಡೋಣ ಎಂದುಕೊಂಡೆವು. ಹದಿನೈದು ವರ್ಷದಿಂದ ಆಶಾ ಕೆಲಸ ಮಾಡುತ್ತಿರುವವಳು ನಾನು. ಕಾರ್ಡು ಕೊಡುವಾಗ ಪ್ರತಿ ಹೆಂಗಸಿಗೂ ಒಂದೇ ಪಾಠ ಹೇಳುತ್ತೇನೆ: ಎದ್ದ ಕೂಡಲೇ ಹೋಗುವ ಮೊದಲ ಮೂತ್ರ, ಅದಕ್ಕೆ ಮುಂಚೆ ಒಂದು ಗುಟುಕು ನೀರೂ ಕುಡಿಯಬೇಡಿ. ಒಂದು ಚಿಟಿಕೆ ಉಪ್ಪನ್ನು ಲೋಟದ ನೀರಿಗೆ ಹಾಕಿದರೆ ನಾಲಿಗೆಗೆ ಗೊತ್ತಾಗುತ್ತದೆ, ಕೊಡಕ್ಕೆ ಹಾಕಿದರೆ ಗೊತ್ತಾಗುವುದಿಲ್ಲ. ಗರ್ಭ ನಿಂತಾಗ ಮೂತ್ರದಲ್ಲಿ ಸೇರುವ ಅಂಶವೂ ಹಾಗೆಯೇ, ನೀರು ಹೆಚ್ಚಾದರೆ ಕಾರ್ಡಿಗೆ ಸಿಗುವುದಿಲ್ಲ. ಇಷ್ಟು ಚೆನ್ನಾಗಿ ಊರಿಗೆಲ್ಲ ಹೇಳುವವಳು ನನ್ನ ಮನೆಯಲ್ಲಿ ಏನು ಮಾಡಿದೆ ಕೇಳು.

ಆವತ್ತು ಸೋಮವಾರ. ಮೇಘನ ಐದಕ್ಕೆ ಎದ್ದು ಡಬ್ಬಿ ಕೇಳಿದಳು. ಸೋಮವಾರ ಲಿಂಗಪೂಜೆ ಆಗುವ ಮೊದಲು ಮೂತ್ರದ ಡಬ್ಬಿ, ಕಾರ್ಡು ಎಂದು ಮನೆಯೊಳಗೆ ಹಿಡಿದುಕೊಂಡು ಓಡಾಡಬೇಡ, ಮೊದಲು ಸ್ನಾನ ಮಾಡಿ ಪೂಜೆಗೆ ಕೂತುಕೋ ಎಂದೆ. ಮೊದಲನೆಯದು ಬಚ್ಚಲಿಗೆ ಹೋಯಿತು. ಚೊಂಬಿನ ನೀರು ಎಂದಿನಂತೆ ಕುಡಿದಳು. ಪೂಜೆ ಮುಗಿದ ಮೇಲೆ ನಾನೇ ದಿಂಡಿನ ರಸ ಕೈಗೆ ಕೊಟ್ಟೆ. ಒಂಬತ್ತು ಗಂಟೆಗೆ ಅವಳು ತಂದುಕೊಟ್ಟ ಡಬ್ಬಿಯಲ್ಲಿ ಬಣ್ಣವೇ ಇರಲಿಲ್ಲ, ಬಾವಿಯ ನೀರಿನ ಹಾಗೆ ಇತ್ತು. ಅದನ್ನು ನೋಡಿಯೂ ಮೂರು ಹನಿ ಹಾಕಿದೆ. ಐದು ನಿಮಿಷ ಕಾದು ನೋಡಿದೆ, ಒಂದೇ ಗೆರೆ; ಬಸಿರಾಗಿದ್ದರೆ ಎರಡು ಮೂಡಬೇಕು. ನೀನು ಫೋನ್ ಮಾಡಿದೆ, ಇಲ್ಲ ಕಣೋ ಎಂದೆ.

ಮೂರು ದಿನಕ್ಕೆ ಸ್ವಲ್ಪ ರಕ್ತ ಕಾಣಿಸಿತು. ಅದನ್ನೇ ಮುಟ್ಟು ಎಂದುಕೊಂಡೆವು, ನಿನಗೂ ಹಾಗೆಯೇ ಹೇಳಿದೆವು. ಅದು ಮುಟ್ಟಲ್ಲ. ಪಿಂಡ ಗರ್ಭಚೀಲದೊಳಗೆ ನಿಲ್ಲದೆ ಪಕ್ಕದ ನಾಳದಲ್ಲಿ ಕಚ್ಚಿಕೊಂಡರೆ ಹಾಗೆ ಒಂದಿಷ್ಟು ರಕ್ತ ಹೋಗುವುದುಂಟಂತೆ. ಏಪ್ರಿಲಿನಲ್ಲಿ ಬಲಗಡೆ ನೋವು ಶುರುವಾದಾಗ ಕಲ್ಲು ಇಳಿಯುತ್ತಿದೆ ಎಂದು ನಾನು ಸಂತೋಷಪಟ್ಟೆ ಬಸು. ಇನ್ನಷ್ಟು ನೀರು, ಇನ್ನಷ್ಟು ದಿಂಡಿನ ರಸ. ಅವಳು ಹಲ್ಲು ಕಚ್ಚಿಕೊಂಡು ಕುಡಿದಳು. ಭುಜ ನೋಯುತ್ತದೆ ಎಂದಳು, ಬಟ್ಟೆ ಒಗೆದು ನೋಯುತ್ತಿದೆ ಎಂದು ಎಣ್ಣೆ ತಿಕ್ಕಿದೆ; ಹೊಟ್ಟೆಯೊಳಗೆ ರಕ್ತ ಸೋರಿದರೂ ಭುಜ ನೋಯುತ್ತದಂತೆ. ಹದಿನೆಂಟನೇ ತಾರೀಖು ಒಗೆಯುವ ಕಲ್ಲಿನ ಹತ್ತಿರವೇ ಬಿದ್ದಳು. ಹೂವಪ್ಪನ ಆಟೋದಲ್ಲಿ ಕೊಪ್ಪದ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ತೀರ್ಥಹಳ್ಳಿ ದಾಟುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಅವಳ ಕೈ ತಣ್ಣಗಾಗಿತ್ತು. ನಾಳ ಒಡೆದು ಹೊಟ್ಟೆ ತುಂಬ ರಕ್ತ. ನಾಲ್ಕು ಬಾಟಲಿ ರಕ್ತ ಕೊಟ್ಟರು, ಬಲಗಡೆಯ ನಾಳ ತೆಗೆದರು. ನೀನು ರಜೆ ಕೇಳುತ್ತೇನೆ ಎಂದೆ, ಆಮೇಲೆ ಯೋಚನೆ ಮಾಡಿದೆ, ಬರಲಿಲ್ಲ.

ಡಾಕ್ಟರು ಎಂಟು ವಾರದ ಬಸಿರು ಎಂದು ಬರೆದಿದ್ದಾರೆ. ನೀನು ಕ್ಯಾಲೆಂಡರ್ ಹಿಡಿದು ಎಂಟು ವಾರ ಹಿಂದಕ್ಕೆ ಎಣಿಸಿದ್ದೀಯ, ಆಗ ನೀನು ಊರಲ್ಲೇ ಇರಲಿಲ್ಲ ಎಂದು ಅಪ್ಪಾಜಿಯ ಹತ್ತಿರ ಹೇಳಿದ್ದೀಯ. ಬಸುರಿನ ವಾರ ಎಣಿಸುವುದು ಗಂಡ ಹೆಂಡತಿ ಸೇರಿದ ದಿನದಿಂದಲ್ಲ, ಹಿಂದಿನ ಮುಟ್ಟಿನ ಮೊದಲ ದಿನದಿಂದ. ಅದು ಫೆಬ್ರವರಿ ಇಪ್ಪತ್ತು. ಗರ್ಭ ಕಟ್ಟುವುದು ಅದಾಗಿ ಎರಡು ವಾರಕ್ಕೆ, ಆಗ ನೀನು ಈ ಮನೆಯಲ್ಲೇ ಇದ್ದೆ. ಅದು ನಿನ್ನ ಮಗು ಬಸು. ನನ್ನ ಮಾತು ಬೇಡವೆಂದರೆ ಈ ಕಾಗದ ಹಿಡಿದುಕೊಂಡು ಅಲ್ಲಿನ ಯಾವ ಡಾಕ್ಟರನ್ನಾದರೂ ಕೇಳು, ಇದನ್ನೇ ಹೇಳುತ್ತಾರೆ.

ಮೇಘನ ನರಸಿಂಹರಾಜಪುರದಲ್ಲಿ ತವರಿನಲ್ಲಿದ್ದಾಳೆ. ಹೋದ ಗುರುವಾರ ಹೋಗಿ ನೋಡಿಕೊಂಡು ಬಂದೆ. ಇಳಿದು ಹೋಗಿದ್ದಾಳೆ, ಬಳೆಗಳು ಮೊಣಕೈವರೆಗೂ ಜಾರುತ್ತವೆ. ಅವಳಮ್ಮ ಬಾಗಿಲಲ್ಲೇ ನಿಂತು ಮಾತಾಡಿಸಿದರು, ಒಳಗೆ ಬನ್ನಿ ಎನ್ನಲಿಲ್ಲ. ಅದು ಸರಿಯೇ. ಮಗು ಹೋದ ದುಃಖ ಒಂದು ಕಡೆ, ಅದು ಯಾರದ್ದು ಎಂದು ಗಂಡನೇ ಕೇಳಿದ ಅವಮಾನ ಇನ್ನೊಂದು ಕಡೆ. ಇವೆರಡನ್ನೂ ಹೊತ್ತು ಅವಳು ಹೇಗೆ ಊಟ ಮಾಡುತ್ತಾಳೋ ನನಗೆ ತಿಳಿಯದು. ಎಡಗಡೆಯ ನಾಳ ಚೆನ್ನಾಗಿದೆ, ಮುಂದೆ ಮಕ್ಕಳಾಗಬಹುದು ಎಂದಿದ್ದಾರೆ. ಅದಕ್ಕೆ ಮೊದಲು ನೀವಿಬ್ಬರೂ ಗಂಡ ಹೆಂಡತಿಯಾಗಿ ಉಳಿಯಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಲಸದಲ್ಲಿ ಮೈಮೇಲೆ ಎಚ್ಚರವಿರಲಿ. ಅಪ್ಪಾಜಿ ನಿನ್ನನ್ನು ಕೇಳಿದೆ ಎಂದು ತಿಳಿಸಲು ಹೇಳಿದ್ದಾರೆ. ಆ ಶಿವ ನಿನಗೆ ಆಯುಷ್ಯದ ಜತೆ ಸ್ವಲ್ಪ ತಾಳ್ಮೆಯನ್ನೂ ಕೊಡಲಿ.

ನಿನ್ನ ಅಮ್ಮ
ಸುಮಿತ್ರ

ವಿ.ಸೂ.: ಅಂಟು ಹಚ್ಚುವ ಮೊದಲು ಮತ್ತೆ ತೆಗೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಾನು ಐದು ನಿಮಿಷ ಕಾಯಲಿಲ್ಲ. ಕೊಪ್ಪದಲ್ಲಿ ಮೀಟಿಂಗ್ ಇತ್ತು, ಬಸ್ಸಿಗೆ ಹೊತ್ತಾಗಿತ್ತು, ಅಷ್ಟರಲ್ಲಿ ನಿನ್ನ ಫೋನ್ ಬಂತು. ಒಮ್ಮೆ ನೋಡಿ ಇಲ್ಲ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಮೇಘನ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅತ್ತೆ, ಇಲ್ಲಿ ಇನ್ನೊಂದು ಗೆರೆ ಸಣ್ಣಗೆ ಇದ್ದಂಗೆ ಕಾಣ್ತದೆ ನೋಡಿ" ಎಂದಳು. ನೋಡಿದೆ, ಇತ್ತು, ಕೂದಲಿನಷ್ಟು ಸಣ್ಣಗೆ. ಮಗನಿಗೆ ಈಗಷ್ಟೇ ಇಲ್ಲ ಎಂದವಳು ಮತ್ತೆ ಹೌದು ಎನ್ನುವುದು ಹೇಗೆ? ನನಗಿಂತ ನಿನಗೆ ಹೆಚ್ಚು ಗೊತ್ತಾ ಎಂದು ಗದರಿಸಿ ಕಾರ್ಡು ಕಸಿದು ಬಚ್ಚಲೊಲೆಗೆ ಹಾಕಿದೆ. ಶಿವಮೊಗ್ಗದಲ್ಲಿ ಡಾಕ್ಟರು ನನ್ನೆದುರಿಗೇ ಅವಳನ್ನು ಕೇಳಿದರು, ಕಾರ್ಡಿನಲ್ಲಿ ಏನೂ ಕಾಣಲಿಲ್ವಾ ಎಂದು. ನನ್ನ ಮುಖ ನೋಡಿ ಇಲ್ಲ ಎಂದಳು. ನೀನು ಕೇಳಿದಾಗಲೂ ಹಾಗೆಯೇ ಅಂದಳಂತೆ. ಗೆರೆ ಇತ್ತೆಂಬ ನಿಜ ಹೇಳಿದ್ದರೆ ಅವಳ ಮೇಲಿನ ಅಪವಾದ ಅವತ್ತೇ ಕಳಚಿ ನನ್ನ ಕೊರಳಿಗೆ ಬೀಳುತ್ತಿತ್ತು, ಅದಕ್ಕೇ ಅವಳು ಹೇಳಲಿಲ್ಲ. ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಬರಲಿ. ಇದನ್ನು ಓದಿ ನನಗೆ ಫೋನ್ ಮಾಡಬೇಡ, ಅವಳಿಗೆ ಮಾಡು.