ಕರಿ ಕಂಬಳಿಯ ಮೇಲಿನ ಕರಿ ಹುಳ

ಐಮಂಗಲ
೨೦-೧೨-೨೦೦೩

ಪ್ರೀತಿಯ ಹುಚ್ಚಕ್ಕಾ,

ನಿನ್ನ ಮಂಡಿನೋವು ಹೇಗಿದೆ? ದಾವಣಗೆರೆ ಕಡೆಯ ಗದ್ದೆ ಬಯಲಲ್ಲಿ ಇಬ್ಬನಿ ಜಾಸ್ತಿಯಂತೆ, ಕಾಲಿಗೆ ಬಟ್ಟೆ ಸುತ್ತಿಕೊಂಡೇ ಮಂದೆ ಎಬ್ಬಿಸು. ಕುಂಟುತ್ತಿದ್ದ ಬೂದು ಮರಿ ಉಳಿಯಿತೇ? ಮುದ್ದಣ್ಣ ಭಾವ ಈ ಕಾಗದ ಓದಿ ಹೇಳುವಾಗ ನನ್ನ ಮಾನ ಹೋಗುವ ಕಡೆ ದನಿ ತಗ್ಗಿಸುವುದು ಬೇಡ. ಗಟ್ಟಿಯಾಗಿಯೇ ಓದಲಿ.

ನಮ್ಮ ಕುರಿ-ದನ ನೀರು ಕುಡಿಯುವ ಗೋಕಟ್ಟೆಯ ವಿಚಾರಣೆ ಮೊನ್ನೆ ಹಿರಿಯೂರಿನ ತಾಲ್ಲೂಕು ಕಚೇರಿಯಲ್ಲಿ ನಡೆಯಿತು. ಅದು ಸತ್ತ ನೀರು, ಮುಚ್ಚಿ ನಮಗೆ ಕೊಡಿ ಎಂಬುದು ಕಾರ್ಖಾನೆಯವರ ವಾದ. ಸತ್ತ ನೀರಲ್ಲ, ಅದರಲ್ಲಿ ಎರಡೆರಡು ಜಾತಿಯ ನೀರುಹುಳ ಬದುಕಿವೆ ಎಂಬುದು ನಮ್ಮ ಕುರಿಗಾರರ ಸಂಘದ ವಾದ. ಸಾಕ್ಷಿ, ನಾನು ತೆಗೆದ ಫೋಟೋ. ನೀನು ಸೆರಗಿನಲ್ಲಿ ಹುಳ ಹಿಡಿದುಕೊಟ್ಟ ದಿನವೇ ಹೇಳಿದ್ದೆ: "ಲೇ, ಬೆನ್ನು ನೋಡಿದ್ರೆ ಎಲ್ಡೂ ಒಂದೇ ಕಣೋ. ಬಿಳೇ ತಟ್ಟೇಲಿಟ್ಟು ಹೊಟ್ಟೆ ಮೇಲ್ಮಾಡು. ಒಂದರ ಹೊಟ್ಟೇಲಿ ಮುಳ್ಳೈತೆ." ನಾನು ಕೇಳಿದೆನೇ? ಕಂಬಳಿಯೇ ನಮ್ಮ ಬಾವುಟ, ಅದರ ಮೇಲೇ ಇಡಬೇಕು ಎಂದು ನಿನಗೇ ಭಾಷಣ ಬಿಗಿದೆ. ಕರಿ ಕಂಬಳಿಯ ಮೇಲೆ ಕರಿ ಹುಳ! ಅಧಿಕಾರಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನಪ್ಪ, ಇದು ಹುಳದ ಫೋಟೋನೋ, ಕಂಬಳೀದೋ?" ಎಂದರು. ಕಾರ್ಖಾನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಕ್ಕಿದ್ದು ಹಾಳಾಗಲಿ ಅಕ್ಕ. ಎರಡು ಜಾತಿ ಅಂತ ಗುರುತಿಸಿದವರು ಯಾರು ಎಂದು ಅಧಿಕಾರಿ ಕೇಳಿದಾಗ ನಾನು ಹೇಳಿದ್ದು ಇದು: "ನಮ್ಮಕ್ಕ ಸಾರ್. ಓದು ಬರದ ಹೆಂಗಸು, ಕುರಿ ಕಾಯ್ತಾಳೆ, ತಿಳೀದೆ ಅಂದ್ಬಿಟ್ಟಳು." ಓದಿದವರ ದರ್ಪಕ್ಕೆ ಧಿಕ್ಕಾರ ಎಂದು ಹದಿನೈದು ವರ್ಷ ಕೂಗಿದ ನಾಲಿಗೆ, ನನ್ನ ಮಾನ ಉಳಿಸಿಕೊಳ್ಳಲು ನಿನ್ನ ಮೇಲೆ ಹೀಗೆ ಉಗುಳಿತು. ನೀನು ಹೇಳಿದ್ದಷ್ಟೂ ಸರಿಯಾಗಿತ್ತು. ಹಾಳು ಮಾಡಿದವನು ನಾನು. ಸಂಘದ ಬೋರಕ್ಕ ಪಕ್ಕದಲ್ಲೇ ಕೂತಿದ್ದಳು. ಊರಿಗೆ ಬಂದು ಬಸ್ಸಿನಿಂದ ಇಳಿಯುವಾಗ, "ಆ ಕಂಬಳಿ ನೇಯ್ಸಿ ಕೊಟ್ಟೋಳೂ ಅವಳೇ ಅಲ್ಲೇನೋ?" ಎಂದಳು. ಮನೆಗೆ ಬಂದು ಅದನ್ನು ಹೊದೆಯಲು ಆಗಲಿಲ್ಲ.

ಕ್ಷಮಿಸು ಎಂದು ಬರೆದು ಕೈ ತೊಳೆದುಕೊಳ್ಳುವುದಿಲ್ಲ. ಬೈಯುವುದಿದ್ದರೆ ಎದುರಿಗೇ ಬೈಯಿ. ಭಾವನಿಗೆ ನಮಸ್ಕಾರ, ಬೂದು ಮರಿಗೆ ಮುದ್ದು.

ನಿನ್ನ ತಮ್ಮ,
ಗೋವರ್ಧನ

ತಾ.ಕ.: ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ. ಈಗಷ್ಟೇ ಮತ್ತೆ ಹಿರಿಯೂರಿನ ಕಚೇರಿಗೆ ಹೋಗಿ, ತಪ್ಪು ನನ್ನದು, ಅಕ್ಕನದಲ್ಲ ಎಂದು ಬರೆದುಕೊಟ್ಟೆ. ಅಧಿಕಾರಿ ಓದಿ, "ಹಂಗಾರೆ ಆಯಮ್ಮನ್ನೇ ಕರೆಸ್ರಿ" ಎಂದರು. ಜನವರಿ ಐದಕ್ಕೆ ಕಟ್ಟೆಗೇ ಬರುತ್ತಾರೆ, ಅದೇ ಕೊನೆಯ ಅವಕಾಶ. ಒಂದು ಹುಳ ತಲೆ ಎತ್ತಿ ಉಸಿರಾಡುತ್ತೆ, ಇನ್ನೊಂದು ಹಿಂಭಾಗ ಎತ್ತಿ ಅಂದಿದ್ದೆಯಲ್ಲ, ನೀರಿನಲ್ಲೇ ತೋರಿಸು. ನಾಲ್ಕನೇ ತಾರೀಖು ನಾನು ನಿನ್ನ ಮಂದೆ ಇರುವಲ್ಲಿಗೆ ಬರುತ್ತೇನೆ. ನೀನು ಬಸ್ಸು ಹತ್ತು, ಕುರಿ ನಾನು ಕಾಯುತ್ತೇನೆ. ಬಿಳೇ ತಟ್ಟೆ ಬೋರಕ್ಕನ ಮನೆಯಲ್ಲಿಟ್ಟಿದ್ದೇನೆ.